ಬೆರಳು ತಟ್ಟುವವರೆಗೆ

ಫೆಬ್ರವರಿ ೧೧

ನನ್ನ ಪಿಟೀಲೇ,

ನೀನು ಕಳಿಸಿದ ಕಾಗದ ಬಂತು. ಕಾಗದ ಅಂದರೆ ನಿನ್ನ ಪತ್ರವಲ್ಲ. ಅದರಲ್ಲಿ ಇದ್ದದ್ದೇ ಎರಡು ಸಾಲು, ಅದರ ವಿಚಾರಣೆ ಆಮೇಲೆ. ನೀನು ಬರೆದ ತಿದ್ದುಪಡಿಯನ್ನು ಕಂಪ್ಯೂಟರಿನ ಒಳಗಿನ ಕರ್ನಲ್ ಅನ್ನುವುದನ್ನು ನೋಡಿಕೊಳ್ಳುವ ಹಿರಿಯರು ಒಪ್ಪಿಕೊಂಡರು ಅಂತ ಅಚ್ಚು ಹಾಕಿ ಕಳಿಸಿದ್ದೀಯಲ್ಲ, ಅದು. ಅದರಲ್ಲಿ ನನಗೆ ಅರ್ಥವಾದದ್ದು ನಿನ್ನ ಹೆಸರೊಂದೇ. ನನಗೆ ಅಷ್ಟೇ ಸಾಕು. ಓದುಮನೆಯಲ್ಲಿ ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸಿದ್ದೇನೆ. ನಮ್ಮ ಯಂತ್ರ ನೋಡಿಕೊಳ್ಳುವ ಗೊಣಗಪ್ಪ ಮಾತ್ರ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿ, "ಪರವಾಗಿಲ್ಲಮ್ಮಾ, ನೀಟಾಗಿ ಬರ್ದಿದಾರೆ ನಿಮ್ಮ ಮಗಳು" ಅಂದ. ಆ ಮನುಷ್ಯನ ಬಾಯಿಂದ ಇಷ್ಟು ವರ್ಷಗಳಲ್ಲಿ ಬಂದ ಮೊದಲ ಒಳ್ಳೆಯ ಮಾತು ಅದು.

ಫೋನ್ ಮಾಡಬಾರದೇ ಅಂತ ಕೇಳಬೇಡ. ಫೋನಿನಲ್ಲಿ ನಿನ್ನ ಕೀಲಿಮಣೆಯ ಟಕಟಕವೇ ನಿನಗಿಂತ ಹೆಚ್ಚು ಮಾತಾಡುತ್ತದೆ. ಮನೆಗೆ ಬೆಂಕಿ ಬಿದ್ದಿದೆ ಕಣೇ ಅಂದರೂ "ಹೂಂ ಅಮ್ಮ, ಹೂಂ" ಅನ್ನುತ್ತೀಯ. ಕಾಗದ ಓದುವಾಗಲಾದರೂ ನಿನ್ನ ಕೈ ಎರಡೂ ಸುಮ್ಮನಿರುತ್ತವೆ.

ಒಂದು ವಿಷಯ ಕೇಳಬೇಕು, ನಗಬಾರದು. ನನ್ನ ಓದು ಕೆಟ್ಟಿದೆಯೇನೇ? ಸಂಜೆಯ ಒಂದು ಗಂಟೆ ನನ್ನದು ಅಂತ ನಿನಗೆ ಗೊತ್ತಲ್ಲ. ಕಣ್ಣು ಕಾಣದ ನನ್ನ ಕೇಳುಗರು ಮನೆಮನೆಯಲ್ಲಿ ಕೇಳುಪೆಟ್ಟಿಗೆಯ ಗುಂಡಿ ಒತ್ತಿ ಕಾದಂಬರಿಗೆ ಕಾದು ಕೂತಿರುತ್ತಾರೆ. ಈಚೆಗೆ ಓದು ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಜನ ಎದ್ದು ಹೋಗಿರುತ್ತಾರೆ. ಯಾರು ಇದ್ದಾರೆ, ಯಾರು ಹೋದರು ಅನ್ನುವುದು ಪರದೆಯ ಮೇಲೆ ಕಾಣುತ್ತದೆ. ಹಸಿರು ದೀಪ ಒಂದೊಂದಾಗಿ ಆರುವುದನ್ನು ನೋಡಿಕೊಂಡೇ ಓದಬೇಕು. ಬೆಳಗ್ಗೆ ಪೇಪರ್ ಓದುವ ಮಹಾಶಯನಿಗೆ ಒಂದು ದೀಪವೂ ಆರುವುದಿಲ್ಲ. ನಮ್ಮ ವ್ಯವಸ್ಥಾಪಕಿ, "ವಯಸ್ಸಾಯ್ತಲ್ವಾ ಅಮ್ಮ, ಸುಸ್ತಾಗ್ತಿರಬೇಕು ನಿಮ್ಗೆ" ಅಂದಳು. ತುಂಬ ಮೆತ್ತಗೆ ಅಂದಳು, ಅದಕ್ಕೇ ಭಯವಾಯಿತು.

ಹೊಟ್ಟೆಗೆ ಸರಿಯಾಗಿ ತಿನ್ನು.

ನಿನ್ನ
ಅಮ್ಮ


ಫೆಬ್ರವರಿ ೨೦

ಅಮ್ಮಾ,

ಗೋಡೆಗೆ ಅಂಟಿಸಿದೆಯಾ? ಅಯ್ಯೋ ದೇವರೇ! ಆದರೂ ಓದಿ ಮೈಯೆಲ್ಲ ಜುಮ್ ಅಂತು, ಸುಳ್ಳು ಯಾಕೆ ಹೇಳಲಿ.

ಏನು ಮಾಡಿದೆ ಅಂತ ಈ ಸಲ ಅರ್ಥವಾಗುವ ಹಾಗೆ ಹೇಳುತ್ತೇನೆ. ಕರ್ನಲ್ ಅಂದರೆ ಯಂತ್ರವೆಂಬ ಮನೆಯ ಯಜಮಾನಿ. ಯಾರು ಬಂದರು, ಯಾರು ಹೋದರು, ಯಾರಿಗೆ ಎಲ್ಲಿ ಜಾಗ, ಎಲ್ಲ ಅವಳದೇ ದರ್ಬಾರು. ಹೊರಗಿನ ಯಂತ್ರವೊಂದು ಮಾತಿಗೆ ಬಂದಾಗ, "ಇಷ್ಟು ಹೊತ್ತು ಇಬ್ಬರೂ ಸುಮ್ಮನಿದ್ದರೆ ನಾನು ಹೋದೆ ಅಂತ ತಿಳಿದು ಬಾಗಿಲು ಹಾಕಿಕೊಳ್ಳಿ" ಅಂತ ಮೊದಲೇ ಹೇಳಿಡಬಹುದು. ಯಜಮಾನಿ ಆ ಲೆಕ್ಕದಲ್ಲಿ ಎಡವುತ್ತಿದ್ದಳು. ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬಾಗಿಲು ತೆರೆದುಕೊಂಡು ಕಾಯುತ್ತಿದ್ದಳು. ಹೋದವರಿಗೂ ಕಾದು ಕಾದು, ದೊಡ್ಡ ಯಂತ್ರಗಳಲ್ಲಿ ಹೊಸಬರಿಗೆ ಜಾಗವೇ ಸಿಗುತ್ತಿರಲಿಲ್ಲ. ನಾನು ಆ ಲೆಕ್ಕ ಸರಿಮಾಡಿದೆ. ಬರೆದದ್ದು ಎರಡೇ ಸಾಲು. ಅದನ್ನು ಹುಡುಕುವುದಕ್ಕೆ, ಆಮೇಲೆ ಒಪ್ಪಿಸುವುದಕ್ಕೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ನೆಟ್‌ವರ್ಕ್ ವಿಭಾಗದ ಹಿರಿಯರನ್ನು ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ. ಅವರು ಎಂಟು ಸಲ ತಿರುಗಿಸಿ ಕಳಿಸಿ, ಕೊನೆಗೆ "ಸರಿ" ಅಂತ ಒಂದೇ ಒಂದು ಮಾತು ಬರೆದರು. ಆವತ್ತು ನಾನು ಕುರ್ಚಿ ಬಿಟ್ಟೆದ್ದು ಕುಣಿದೆ, ಕೆಳಗಿನ ಸೈಕಲ್ ಅಂಗಡಿಯವರು ಏನಾಯ್ತು ಅಂತ ಹತ್ತಿ ಬಂದರು.

ಇನ್ನು ನಿನ್ನ ಓದು. ಅದು ಕೆಟ್ಟಿಲ್ಲ, ಕೆಡುವುದೂ ಇಲ್ಲ. ಆದರೆ ಅಮ್ಮಾ, ನೀನು ನಡುನಡುವೆ ನಿಲ್ಲಿಸುವುದು ಜಾಸ್ತಿ. ಅಪ್ಪನ ಕಾಲಕ್ಕೆ ಅದು ಸರಿಹೋಗುತ್ತಿತ್ತು. ಈಗಿನ ಜನಕ್ಕೆ ಅಷ್ಟು ತಾಳ್ಮೆ ಎಲ್ಲಿದೆ? ನಿಂತರೆ ಮುಗಿಯಿತು ಅಂದುಕೊಂಡು ಎದ್ದುಬಿಡುತ್ತಾರೆ. ನಾಲ್ಕು ದಿನ ಎಲ್ಲೂ ನಿಲ್ಲಿಸದೆ ಓದಿ ನೋಡು.

ನಿನ್ನ
ಪಿಟೀಲು


ಮಾರ್ಚ್ ೩

ಪಿಟೀಲೇ,

ನೀನು ಹೇಳಿದ ಹಾಗೆ ಮಾಡಿದೆ. ಎಲ್ಲೂ ನಿಲ್ಲದೆ, ಬೆನ್ನ ಹಿಂದೆ ನಾಯಿ ಬಿದ್ದ ಹಾಗೆ ಓದಿದೆ. ಒಂದು ದೀಪವೂ ಆರಲಿಲ್ಲ!

ಆದರೆ ಹೊಲಿಗೆಯವರು ಇದ್ದಾರಲ್ಲ, ಕಣ್ಣು ಹೋದ ಮೇಲೂ ಬೆರಳಲ್ಲೇ ಸೂಜಿಗೆ ದಾರ ಪೋಣಿಸುವವರು, ಅವರು ಓದುಮನೆಗೆ ಫೋನ್ ಮಾಡಿ, "ಯಾರ್ರೀ ಅದು ಇವತ್ತು ಓದಿದ್ದು? ಬಸ್ಸಿಗೆ ಹೊತ್ತಾಗಿತ್ತಾ ಪಾಪ?" ಅಂದರಂತೆ. ತಾಯಿ ತೀರಿಕೊಂಡ ಅಧ್ಯಾಯ ಕಣೇ ಅದು. ಅದನ್ನು ನಾನು ಬಟ್ಟೆ ಲೆಕ್ಕ ಒಪ್ಪಿಸುವ ಹಾಗೆ ಓದಿ ಮುಗಿಸಿದ್ದೆ. ಮನೆಗೆ ಬಂದು ಊಟ ಸೇರಲಿಲ್ಲ.

ನಾನು ನಿಲ್ಲಿಸುವುದು ಯಾಕೆ ಅಂತ ನಿನಗೆ ನೆನಪಿಲ್ಲವೇನೇ? ನಿಮ್ಮಪ್ಪನಿಗೆ ಕಣ್ಣು ಹೋದ ಮೇಲೆ ದಿನಾ ಸಂಜೆ ಓದಿ ಹೇಳುತ್ತಿದ್ದೆನಲ್ಲ. ಏನಾದರೂ ದೊಡ್ಡದು ನಡೆದಾಗ ಅವರು ಅಂಗೈ ಎತ್ತಿ ತಡೆಯುತ್ತಿದ್ದರು. ಮನಸ್ಸಲ್ಲಿ ಅದನ್ನು ಕಂಡು ಮುಗಿದ ಮೇಲೆ ಕುರ್ಚಿಯ ತೋಳಿಗೆ ಒಂದೇ ಬೆರಳಿಂದ ಟಕ್ ಅಂತ ತಟ್ಟುತ್ತಿದ್ದರು. ಆಮೇಲೆ ನಾನು ಮುಂದಕ್ಕೆ ಹೋಗಬೇಕು. ನೀನು ನನ್ನ ತೊಡೆಯ ಮೇಲೆ ಮಲಗಿ, ಆ ಟಕ್ ಕೇಳುವ ಮೊದಲೇ ನಿದ್ದೆ ಹೋಗುತ್ತಿದ್ದೆ. ಅವರು ಹೋದ ಮೇಲೂ ನನ್ನ ಬಾಯಿಗೆ ಅದೇ ರೂಢಿ. ಆ ಬೆರಳು ತಟ್ಟುವಷ್ಟು ಹೊತ್ತು ಕಾಯದೆ ನನಗೆ ಮುಂದಿನ ಸಾಲು ಬರುವುದಿಲ್ಲ.

ಗೊಣಗಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವನು ಪರದೆ ನೋಡಿಕೊಂಡು ಕೂತು, "ಜನ ಎದ್ ಹೋಗ್ತಿಲ್ಲಮ್ಮಾ. ನೀವು ನಿಲ್ಸಿದ್ ತಕ್ಷಣ ಯಂತ್ರಾನೇ ಅವ್ರನ್ನ ಆಚೆ ಹಾಕ್ತಿದೆ. ಜನವರೀಲಿ ಅಪ್‌ಡೇಟ್ ಹಾಕಿದ್ಮೇಲೇ ಶುರುವಾಗಿದ್ದು. ಚೆನ್ನಾಗಿರೋದನ್ನ ಮುಟ್ಬೇಡಿ ಅಂತ ಬಡ್ಕೊಂಡೆ, ನನ್ ಮಾತು ಯಾರಿಗ್ ಬೇಕು?" ಅಂದ. ಕೇಳುಗರಿಗೆ ಇದು ಗೊತ್ತಾಗುವುದಿಲ್ಲವಲ್ಲ. ಕೆಲವರು ಮತ್ತೆ ಗುಂಡಿ ಒತ್ತಿ ಬರುತ್ತಾರೆ, ಉಳಿದವರು ದನಿ ನಿಂತಿತು, ಓದು ಮುಗಿಯಿತು ಅಂದುಕೊಂಡು ಪೆಟ್ಟಿಗೆ ಪಕ್ಕಕ್ಕಿಟ್ಟು ಮಲಗಿಬಿಡುತ್ತಾರೆ.

ಅಪ್‌ಡೇಟ್ ತೆಗೆಯಲು ವ್ಯವಸ್ಥಾಪಕಿ ಒಪ್ಪುವುದಿಲ್ಲ, ಈ ಯಂತ್ರದ ಕಥೆ ಕೇಳುವ ಪುರುಸೊತ್ತೂ ಅವಳಿಗಿಲ್ಲ. ಏಪ್ರಿಲ್ ಕೊನೆಯ ತನಕ ನೋಡುತ್ತಾಳಂತೆ, ಆಮೇಲೆ ನನ್ನ ಗಂಟೆಗೆ ಮುದ್ರಿಸಿದ ದನಿ ಹಾಕುತ್ತಾಳಂತೆ. ಅದು ನಿಲ್ಲುವುದಿಲ್ಲ, ಕೆಮ್ಮುವುದೂ ಇಲ್ಲ. ನನಗೆ ಉಳಿದಿರುವುದು ಈ ಒಂದು ಗಂಟೆ ಕಣೇ. ಗೊಣಗಪ್ಪನಿಗೆ ಏನಾದರೂ ದಾರಿ ಹೇಳಿಕೊಡು.

ಅಮ್ಮ


ಮಾರ್ಚ್ ೯

ಅಮ್ಮಾ,

ನಾನೊಬ್ಬಳು ಪೆದ್ದಿ. ಯಂತ್ರದ ಕಾಯಿಲೆಗೆ ನಿನ್ನ ಗಂಟಲಿಗೆ ಔಷಧಿ ಹೇಳಿದೆ. ಇವತ್ತಿಂದಲೇ ನಿನ್ನ ಮನಸ್ಸಿಗೆ ಬಂದಷ್ಟು ಹೊತ್ತು ನಿಲ್ಲಿಸಿ ಓದು. ಕುರ್ಚಿ, ಬೆರಳು, ಟಕ್, ಎಲ್ಲ ನೆನಪಿದೆ. ನೀನು ಬರೆದ ಮೇಲೆ ನೆನಪಾಯಿತು ಅನ್ನುವುದು ನಿಜ.

ನಿನ್ನೆ ನಡೆಯುತ್ತಿದ್ದದ್ದು ಇವತ್ತಿನ ಅಪ್‌ಡೇಟ್‌ನಿಂದ ನಿಂತುಹೋದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಹುಡುಕುವುದು ಕಷ್ಟವೂ ಅಲ್ಲ. ಗೊಣಗಪ್ಪನವರು ಉಗ್ರಾಣದಲ್ಲಿರುವ ಹಳೇ ಯಂತ್ರವನ್ನು ಕೆಳಗಿಳಿಸಿ, ಅದಕ್ಕೆ ಒಂದು ಕೇಳುಪೆಟ್ಟಿಗೆ ಜೋಡಿಸಲಿ. ಹಳೆಯ ಕರ್ನಲ್‌ಗೂ ಹೊಸ ಕರ್ನಲ್‌ಗೂ ನಡುವೆ ಸಾವಿರಾರು ತಿದ್ದುಪಡಿಗಳು ಒಂದರ ಹಿಂದೊಂದು ಸಾಲಾಗಿ ನಿಂತಿರುತ್ತವೆ. ಸರಿಯಾಗಿ ನಡುವಿನದನ್ನು ಹಾಕಬೇಕು. ನೀನು ಒಂದು ಸಾಲು ಓದಿ ನಿಲ್ಲಿಸಬೇಕು. ದೀಪ ಆರಿದರೆ ತಪ್ಪು ಮೊದಲರ್ಧದಲ್ಲಿದೆ, ಆರದಿದ್ದರೆ ಎರಡನೆಯದರಲ್ಲಿ. ಆ ಅರ್ಧದ ನಡುವಿಗೆ ಹೋಗು, ಮತ್ತೆ ಓದು, ಮತ್ತೆ ನಿಲ್ಲಿಸು. ಹತ್ತು ಹನ್ನೆರಡು ಸಲಕ್ಕೆ ಒಂದೇ ಒಂದು ತಿದ್ದುಪಡಿ ಉಳಿಯುತ್ತದೆ. ಓದುತ್ತಾ ನಿದ್ದೆ ಹೋದವಳು ಮಾರನೆಯ ದಿನ ಪುಟ ಹುಡುಕುವಾಗ ನೀನು ಮಾಡುವುದೂ ಇದನ್ನೇ. ಮಾಡಬೇಕಾದ್ದನ್ನೆಲ್ಲ ಅವರಿಗೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಅದು ಯಾವ ಪುಣ್ಯಾತ್ಮನ ಕೆಲಸ ಅಂತ ಗೊತ್ತಾದ ತಕ್ಷಣ ತಿಳಿಸು. ಎಷ್ಟು ದೊಡ್ಡ ಮನುಷ್ಯನಾದರೂ ಸರಿ, ಕಿವಿ ಹಿಂಡಿ ವಾಪಸ್ ತೆಗೆಸುತ್ತೇನೆ. ನನ್ನ ಅಮ್ಮನ ತಂಟೆಗೆ ಬರುವುದೆಂದರೇನು!

ನಿನ್ನ
ಪೆದ್ದಿ ಪಿಟೀಲು


ಏಪ್ರಿಲ್ ೬

ಮುದ್ದು ಪಿಟೀಲೇ,

ನಾನು ಆರಾಮವಾಗಿದ್ದೇನೆ. ಇಲ್ಲಿ ಸೆಖೆ. ಪಕ್ಕದ ಮನೆಯ ಬೆಕ್ಕು ಮೂರು ಮರಿ ಹಾಕಿದೆ, ಅದರಲ್ಲೊಂದು ನನ್ನ ಚಪ್ಪಲಿಯ ಮೇಲೇ ಮಲಗುತ್ತದೆ.

ಆ ಹುಡುಕಾಟ ಫಲಿಸಲಿಲ್ಲ. ಉಗ್ರಾಣದ ಯಂತ್ರ ತುಂಬ ಹಳೆಯದಂತೆ. ಹೋಗಲಿ ಬಿಡು. ನಾನೂ ಯೋಚನೆ ಮಾಡಿದೆ. ಎಷ್ಟು ವರ್ಷ ಅಂತ ಓದುವುದು? ಏಪ್ರಿಲ್ ಕೊನೆಗೆ ನಾನೇ ಬಿಡುತ್ತೇನೆ ಅಂತ ವ್ಯವಸ್ಥಾಪಕಿಗೆ ಹೇಳಿದ್ದೇನೆ. ಸಂತೋಷವಾಗಿಯೇ ಹೇಳಿದೆ. ಗಂಟಲಿಗೂ ವಿಶ್ರಾಂತಿ ಬೇಕಲ್ಲ. ಉಣ್ಣೆ ತಂದಿದ್ದೇನೆ, ನಿನಗೊಂದು ಸ್ವೆಟರ್ ಹಾಕುತ್ತೇನೆ.

ನೀನು ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ನಿನ್ನ ಕೆಲಸ ನೀನು ನೋಡಿಕೋ. ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳು.

ಅಮ್ಮ


ಏಪ್ರಿಲ್ ೧೪

ಅಮ್ಮಾ,

ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಇಡೀ ಜನ್ಮದಲ್ಲಿ ನೀನು ಹೆಣೆದದ್ದು ಒಂದೇ ಕಾಲುಚೀಲ, ಅದೂ ಅರ್ಧ. ನಿನ್ನ ಪತ್ರ ಓದಿ ಗೊಣಗಪ್ಪನವರಿಗೆ ಫೋನ್ ಮಾಡಿದೆ. "ಏನ್ ಸಾರ್, ಹೇಗಿದೆ ಎಲ್ಲ?" ಅಂದೆ. "ಎಲ್ಲಾ ಚೆನ್ನಾಗಿದೆ ತಾಯೀ, ತುಂಬಾ ಚೆನ್ನಾಗಿದೆ" ಅಂದರು. ಆ ಮನುಷ್ಯ ಚೆನ್ನಾಗಿದೆ ಅನ್ನುವುದುಂಟೇ? ಸುಮ್ಮನಿದ್ದರೆ ಬಾಗಿಲು ಹಾಕುವ ಲೆಕ್ಕ ಮುಟ್ಟಿದವಳು ನಾನೇ ಅಂತ ಆಗ ಹೊಳೆಯಿತು. "ಯಾರ ತಿದ್ದುಪಡಿ ಸಾರ್ ಅದು? ನಂದಾ?" ಅಂದೆ. ಅವರು ಮೊದಲು ಸೆಖೆಯ ಮಾತೆತ್ತಿದರು. ಆಮೇಲೆ, "ಅಮ್ಮಾವ್ರು ಆಣೆ ಹಾಕ್ಸಿದಾರೆ, ನಾನೇನೂ ಹೇಳಿಲ್ಲ" ಅಂದರು.

ನನ್ನಿಂದ ಮುಚ್ಚಿಟ್ಟೆಯಲ್ಲಮ್ಮ! ನನಗೆ ನಿಜವಾಗಿಯೂ ಸಿಟ್ಟು ಬಂದಿದೆ.

ಕಾರಣವೂ ಗೊತ್ತಾಯಿತು. ನಿಮ್ಮ ಕೇಳುಪೆಟ್ಟಿಗೆ ಮಾಡಿದವರು, ಕ್ಷಣಮಾತ್ರ ಸುಮ್ಮನಿದ್ದರೂ ಬಾಗಿಲು ಹಾಕಿಕೊಳ್ಳಿ ಅಂತ ತಪ್ಪು ಅಂಕಿ ಬರೆದಿದ್ದಾರೆ. ಯಜಮಾನಿಯ ಲೆಕ್ಕವೂ ತಪ್ಪಿದ್ದರಿಂದ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಅವಳ ಲೆಕ್ಕ ನಾನು ಸರಿಮಾಡಿದೆ, ಪೆಟ್ಟಿಗೆಯ ತಪ್ಪು ಬಯಲಾಯಿತು. ಹಾಗಾದರೆ ತಪ್ಪು ನನ್ನದೇ? ಪೆಟ್ಟಿಗೆಯದು! ಆ ಕಂಪನಿ ಮುಚ್ಚಿಹೋಗಿದೆ, ಪೆಟ್ಟಿಗೆಗಳನ್ನು ಈಗ ಯಾರೂ ತಿದ್ದಲಾರರು ಅನ್ನುವುದು ಬೇರೆ ಮಾತು.

ಮೇಷ್ಟ್ರಿಗೆ ಇದನ್ನೆಲ್ಲ ಉದ್ದಕ್ಕೆ ಬರೆದೆ. ಅವರ ಉತ್ತರ ಹೀಗಿತ್ತು: "ನಿನ್ನ ಲೆಕ್ಕ ಸರಿ, ಪೆಟ್ಟಿಗೆ ತಪ್ಪು. ಒಪ್ಪಿದೆ. ಮೊದ್ಲು ಅವರ ಮನೇಲಿ ದನಿ ಬರ್ತಿತ್ತು, ಈಗ ಬರ್ತಿಲ್ಲ. ವಾಪಸ್ ತಗೋ, ಆಮೇಲೆ ಜಗಳ ಆಡೋಣ. ನೀನೇ ತಗೊಂಡ್ರೆ ಚೆಂದ, ಇಲ್ಲಾಂದ್ರೆ ನಾನು ತೆಗೀತೀನಿ."

ಎರಡು ವರ್ಷ ಅಮ್ಮಾ. ನನ್ನ ಹೆಸರಲ್ಲಿ ಅಲ್ಲಿರುವುದು ಅದೊಂದೇ. ಪೆಟ್ಟಿಗೆಯದೇ ತಪ್ಪು ಅಂತ ಅಳೆದು ತೋರಿಸುತ್ತೇನೆ, ಒಂದು ಪೆಟ್ಟಿಗೆ ಕಳಿಸಿ ಅಂತ ಗೊಣಗಪ್ಪನವರಿಗೆ ಹೇಳಿದ್ದೇನೆ. ಮೇಷ್ಟ್ರಿಗೆ ಇನ್ನೂ ಉತ್ತರ ಬರೆದಿಲ್ಲ. ಏನು ಬರೆಯಬೇಕೋ ತಿಳಿಯುತ್ತಿಲ್ಲ.

ಪಿಟೀಲು


ಏಪ್ರಿಲ್ ೨೦

ನನ್ನ ಕಂದಾ,

ಬೈದುಕೋ, ಬೈಯಿಸಿಕೊಳ್ಳುತ್ತೇನೆ. ಆದರೆ ಆವತ್ತು ನಡೆದದ್ದನ್ನು ಕೇಳು.

ಉಗ್ರಾಣದಲ್ಲಿ ನಾನು ಅದೇ ಸಾಲನ್ನು ಓದಿ ಓದಿ ನಿಲ್ಲಿಸುತ್ತಿದ್ದೆ, ಅವನು ಅರ್ಧ ಅರ್ಧ ಮಾಡುತ್ತಾ ಹೋದ. ಕೊನೆಗೆ ಒಂದು ಉಳಿಯಿತು. ಗೊಣಗಪ್ಪ ಪರದೆ ನೋಡಿದ, ಎದ್ದ, ನನ್ನ ಕೋಣೆಗೆ ಹೋಗಿ ಗೋಡೆಯ ಮುಂದೆ ನಿಂತ. ನಾನು ಹಿಂದೆಯೇ ಹೋದೆ. "ಅಮ್ಮಾ, ಇದೇ ಅದು" ಅಂದ. ಗೊಣಗಲಿಲ್ಲ ಕಣೇ ಪಾಪ, ತಲೆ ತಗ್ಗಿಸಿಕೊಂಡು ನಿಂತಿದ್ದ.

ನನಗೆ ಮೊದಲು ನೆನಪಾದದ್ದು ಸೈಕಲ್ ಅಂಗಡಿಯವರು ಹತ್ತಿ ಬಂದ ಕಥೆ. ನೀನು ಕುಣಿದದ್ದನ್ನು ನಾನು ನೋಡಲಿಲ್ಲ, ಆದರೆ ಚಿಕ್ಕವಳಿದ್ದಾಗ ಹೇಗೆ ಕುಣಿಯುತ್ತಿದ್ದೆ ಅಂತ ಗೊತ್ತು. ಅದನ್ನು ನಾನು ಕಿತ್ತುಕೊಳ್ಳಲೇ? ಅದಕ್ಕೇ ಅವನಿಂದ ಆಣೆ ಹಾಕಿಸಿದೆ. ವ್ಯವಸ್ಥಾಪಕಿಯ ಮುಂದೆ ಸಂತೋಷ ಅಂದೆ. ಮನೆಗೆ ಬಂದು ಅತ್ತೆ, ಈಗ ಹೇಳಿದರೇನಂತೆ.

ನೀನೇ ಬರೆದಿದ್ದೀಯ, ದೊಡ್ಡ ಯಂತ್ರಗಳಲ್ಲಿ ಜಾಗವಿಲ್ಲದೆ ಜನ ಪಡಿಪಾಟಲು ಪಡುತ್ತಿದ್ದರು ಅಂತ. ಎಷ್ಟು ಮಂದಿಗೆ ನಿನ್ನಿಂದ ಉಪಕಾರವಾಗಿದೆಯೋ. ಒಬ್ಬ ಮುದುಕಿಯ ಒಂದು ಗಂಟೆಗೋಸ್ಕರ ಅದನ್ನು ಅಳಿಸಬೇಡ. ನಿನ್ನ ಮೇಷ್ಟ್ರು ಎಷ್ಟೇ ದೊಡ್ಡವರಿರಲಿ, ನಿನ್ನ ಅಮ್ಮ ನಾನು. ಹೇಳಿದ ಮಾತು ಕೇಳು.

ಪೆಟ್ಟಿಗೆ ಕಳಿಸಿದ್ದಾನೆ. ಉಪಯೋಗಿಸುವುದು ಸುಲಭ, ಇರುವುದೇ ಒಂದು ಗುಂಡಿ.

ಅಮ್ಮ


ಏಪ್ರಿಲ್ ೨೭

ಅಮ್ಮಾ,

ಮಾತು ಕೇಳಲಿಲ್ಲ. ಕೂತು ಓದು.

ಪೆಟ್ಟಿಗೆ ಬಂತು. ಅಳೆಯುವ ಸಾಮಾನೆಲ್ಲ ಜೋಡಿಸಿಕೊಂಡು ಸಂಜೆ ಗುಂಡಿ ಒತ್ತಿದೆ. ಮೇಷ್ಟ್ರ ಮುಂದೆ ಪುರಾವೆ ಇಡಬೇಕು ಅನ್ನುವ ಹಟ. ನೀನು ಓದಲು ಶುರುಮಾಡಿದೆ. ಅಮ್ಮಾ, ನಾನು ನಿನ್ನ ಓದು ಕೇಳಿ ಎಷ್ಟು ವರ್ಷವಾಯಿತು! ಅಣ್ಣ ತಮ್ಮ ಮತ್ತೆ ಎದುರಾಗುವ ಪ್ರಸಂಗ. ನೀನು, ಬಾಗಿಲಲ್ಲಿ ನಿಂತವನು ಯಾರು ಅಂತ ಅಣ್ಣನಿಗೆ ಗುರುತು ಸಿಕ್ಕಿತು, ಅಂದೆ. ನಿಲ್ಲಿಸಿದೆ.

ನನ್ನ ಕೈ ತನ್ನಷ್ಟಕ್ಕೆ ಕುರ್ಚಿಯ ತೋಳಿನ ಮೇಲಿತ್ತು. ಬೆರಳು ಮೇಲೆದ್ದಿತ್ತು. ನಾನು ಎತ್ತಿದ್ದಲ್ಲ, ಅದೇ ಎದ್ದಿತ್ತು. ಅದು ಕೆಳಗೆ ಬೀಳುವ ಮೊದಲೇ ಪೆಟ್ಟಿಗೆ ಸತ್ತುಹೋಯಿತು.

ಅಷ್ಟೇ. ಅಣ್ಣ ಬಾಗಿಲು ತೆಗೆದನೋ ಇಲ್ಲವೋ ಗೊತ್ತಾಗಲಿಲ್ಲ. ಖಾಲಿ ಪೆಟ್ಟಿಗೆ ಕಿವಿಗೆ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದೆ, ಮತ್ತೆ ಗುಂಡಿ ಒತ್ತಬೇಕು ಅಂತಲೂ ಹೊಳೆಯಲಿಲ್ಲ. ಒಳಗೆ ಏನು ನಡೆಯಿತು ಅಂತ ಒಂದೊಂದು ಸಾಲೂ ಬಲ್ಲವಳು ನಾನು. ನನಗೇ ಹೀಗಾದರೆ ಹೊಲಿಗೆಯವರಿಗೆ ಹೇಗಾಗಿರಬೇಡ. ಜೋರಾಗಿ ಅತ್ತೆ, ಪಿಟೀಲು ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಮೇಷ್ಟ್ರಿಗೆ ಬರೆದು ತಿದ್ದುಪಡಿಯನ್ನು ನಾನೇ ವಾಪಸ್ ತೆಗೆದೆ. ನಿನಗೋಸ್ಕರ ಅಂದುಕೊಂಡು ಬೀಗಬೇಡ. ಅಂಥ ಪೆಟ್ಟಿಗೆಗಳು ಇನ್ನೂ ಎಲ್ಲೆಲ್ಲಿವೆಯೋ, ಅವುಗಳ ಮುಂದೆ ಯಾರು ಕೂತಿದ್ದಾರೋ. ದೊಡ್ಡ ಯಂತ್ರದವರಿಗೆ ಬೇರೆ ದಾರಿ ಮಾಡುತ್ತೇನೆ. ಕರಾರುವಾಕ್ಕು ಲೆಕ್ಕ ಬೇಕು ಅಂತ ಕೇಳಿದವರಿಗೆ ಮಾತ್ರ ಹೊಸ ಲೆಕ್ಕ, ಉಳಿದವರಿಗೆ ಯಜಮಾನಿ ಮೊದಲಿನ ಹಾಗೇ ಕಾಯಲಿ. ಮೇಷ್ಟ್ರು ಅದನ್ನೂ ಎಂಟು ಸಲ ತಿರುಗಿಸಿ ಕಳಿಸುತ್ತಾರೆ, ಕಳಿಸಲಿ.

ವಾಪಸ್ ತೆಗೆಯುವಾಗ ಕಾರಣ ಬರೆಯಬೇಕು. ಕರ್ನಲ್ ಇರುವಷ್ಟು ಕಾಲ ಅದು ಅಲ್ಲೇ ಇರುತ್ತದೆ. ಅಂಕಿ, ಲೆಕ್ಕ ಎಲ್ಲ ಬರೆದು ಕೊನೆಗೆ ಸೇರಿಸಿದೆ: "ಓದುವವರು ನಡುವೆ ನಿಲ್ಲಿಸುತ್ತಾರೆ. ಕೇಳುವವರು ಆಗಲೂ ಅಲ್ಲೇ ಇರುತ್ತಾರೆ." ಮೇಷ್ಟ್ರು ಒಂದಕ್ಷರವನ್ನೂ ತಿದ್ದಲಿಲ್ಲ. ವ್ಯವಸ್ಥಾಪಕಿಗೂ ಬರೆದಿದ್ದೇನೆ, ನಿನ್ನನ್ನು ಬಿಟ್ಟರೆ ಇಂಥವಳು ಸಿಗುವುದಿಲ್ಲ ಅಂತ. ನಾಚಿಕೆಯಾದರೆ ಆಗಲಿ.

ಆ ಅಣ್ಣ ಬಾಗಿಲು ತೆಗೆದನಾ ಅಮ್ಮ?

ನಿನ್ನ
ಪಿಟೀಲು


ಮೇ ೧೯

ನನ್ನ ಹಟಮಾರಿ ಪಿಟೀಲೇ,

ತೆಗೆದ. ಆದರೆ ತಕ್ಷಣ ಅಲ್ಲ.

ಮೇ ಮೊದಲ ಎರಡು ವಾರ ನನ್ನ ಗಂಟೆಗೆ ಮುದ್ರಿಸಿದ ದನಿ ಹಾಕಿದರು. ಹೊಲಿಗೆಯವರು ದಿನಾ ಫೋನ್ ಮಾಡಿ, "ಅಮ್ಮಾವ್ರಿಗೆ ಹುಷಾರಿಲ್ವಾ? ಈ ಪುಣ್ಯಾತ್ಮ ಉಸಿರೇ ಬಿಡಲ್ವಲ್ರೀ, ಇವನಿಗೇನೂ ಆಗಿಲ್ಲ ತಾನೆ?" ಅಂತ ಕೇಳುತ್ತಿದ್ದರಂತೆ. ಅಷ್ಟರಲ್ಲಿ ಹೊಸ ಅಪ್‌ಡೇಟ್ ಬಂತು. ಗೊಣಗಪ್ಪ ಗೊಣಗಿಕೊಂಡೇ ಹಾಕಿದ, ನನಗೆ ಜೀವ ಬಂದ ಹಾಗಾಯಿತು. ವ್ಯವಸ್ಥಾಪಕಿ ತಾನೇ ಮನೆಗೆ ಬಂದು ಕರೆದಳು. ನಾನು ಸ್ವಲ್ಪ ಬಿಗುಮಾನ ಮಾಡಿ, ಚಹಾ ಕೊಟ್ಟು, ಒಪ್ಪಿಕೊಂಡೆ. ಒಂದು ತೋಳಿನ ಸ್ವೆಟರ್ ನೋಡಿ ಅವಳು ಏನೂ ಕೇಳಲಿಲ್ಲ.

ನೀನು ವಾಪಸ್ ತೆಗೆದ ಕಾಗದವನ್ನೂ ಗೊಣಗಪ್ಪನಿಂದ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದೇನೆ, ಮೊದಲಿನದರ ಪಕ್ಕದಲ್ಲೇ. "ತೆಗೆದಿದ್ದನ್ನೂ ಯಾಕಮ್ಮಾ ಅಂಟಿಸ್ತೀರಾ?" ಅಂದ. ಇದನ್ನೂ ನನ್ನ ಮಗಳೇ ಬರೆದದ್ದು ಅಂದೆ. ಕನ್ನಡಕ ಏರಿಸಿಕೊಂಡು ಕೊನೆಯ ಸಾಲಿನ ತನಕ ಓದಿದ. ಪರವಾಗಿಲ್ಲ ಅನ್ನಲೂ ಇಲ್ಲ, ಮೂಗು ಒರೆಸಿಕೊಂಡು ಹೋದ.

ನಿನ್ನೆ ಮತ್ತೆ ನನ್ನ ಗಂಟೆ. ಆ ಅಣ್ಣತಮ್ಮಂದಿರ ಅಧ್ಯಾಯವನ್ನು ಮೊದಲಿಂದ ಓದಿದೆ, ಅರ್ಧಕ್ಕೆ ಕೇಳಿ ಹೋದವರು ಎಷ್ಟು ಜನವೋ. ಎಲ್ಲರೂ ನಿಜವಾಗಿ ಇದ್ದಾರಾ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ ಗೊಣಗಪ್ಪ ಕೇಳುಗರ ಕಡೆಯ ಸದ್ದನ್ನೂ ನನ್ನ ಕಿವಿಗೆ ಬಿಟ್ಟಿದ್ದ. ಯಾವಾಗಲೂ ಅದನ್ನು ಮುಚ್ಚಿಡುತ್ತಾರೆ. ಬಾಗಿಲಲ್ಲಿ ನಿಂತವನು ಯಾರು ಅಂತ ಅಣ್ಣನಿಗೆ ಗುರುತು ಸಿಕ್ಕಿತು, ಅಂದೆ. ನಿಲ್ಲಿಸಿದೆ.

ಒಂದು ದೀಪವೂ ಆರಲಿಲ್ಲ. ಯಾರದೋ ಮನೆಯ ಫ್ಯಾನು ಕಿರ್ ಕಿರ್ ಅನ್ನುತ್ತಿತ್ತು. ಯಾರೋ ಕೆಮ್ಮಿದರು, ಯಾರೋ ಲೋಟ ಕೆಳಗಿಟ್ಟರು. ಇಷ್ಟು ವರ್ಷ ನಾನು ಒಬ್ಬಳೇ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ ಕಣೇ. ನಿಮ್ಮಪ್ಪನ ಬೆರಳಿಗೆ ಕಾಯುವಷ್ಟೇ ಹೊತ್ತು ಕಾದೆ. ಆಮೇಲೂ ಮುಂದಿನ ಸಾಲಿಗೆ ಹೋಗದೆ ಆ ಸದ್ದುಗಳನ್ನೇ ಕೇಳುತ್ತಾ ಕೂತೆ.

ಆಗ ಹೊಲಿಗೆಯವರ ದನಿ ಕೇಳಿತು.

"ಮುಂದೆ ಓದಿ ತಾಯೀ. ನಮ್ದು ಅತ್ತಾಯ್ತು."

ಓದಿದೆ.

ನಿನ್ನ
ಅಮ್ಮ